ಚೀಲದ ಮೆಕ್ಕೆಜೋಳಕ್ಕೆ ಬೂಷ್ಟು, ಹುಳ: ಕೊನೆಗೆ ನಿಂತದ್ದು ಹೀಗೆ

ಚೀಲಕ್ಕೆ ತುಂಬಿದ ಮೆಕ್ಕೆಜೋಳ ಕೆಲವೇ ವಾರಗಳಲ್ಲಿ ಬಿಸಿಯಾಗಿ, ಮುಗ್ಗಲು ವಾಸನೆ ಬರುತ್ತಿತ್ತು. ಆಮೇಲೆ ಹುಳ. ಬೂದಿ ಬೆರೆಸಿದ್ದು, ಚೀಲ ಬದಲಿಸಿದ್ದು ಯಾವುದೂ ಕೆಲಸಕ್ಕೆ ಬರಲಿಲ್ಲ. ಹಲ್ಲಲ್ಲಿ ಕಚ್ಚಿ ತೇವ ನೋಡುವುದಂತೂ ಬರೀ ಅಂದಾಜು.

ಸರಿಹೋಗಿದ್ದು ಉಪ್ಪಿನ ಪರೀಕ್ಷೆಯಿಂದ. ಒಣಗಿದ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಕಾಳು, ಎರಡು-ಮೂರು ಚಮಚ ಒಣ ಉಪ್ಪು ಹಾಕಿ. ಮುಚ್ಚಿ ಒಂದು ನಿಮಿಷ ಕುಲುಕಿ, 15 ನಿಮಿಷ ಸುಮ್ನೆ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ 15%ಕ್ಕಿಂತ ಜಾಸ್ತಿ. ಅಂಟದಿದ್ದರೂ ತಕ್ಷಣ ತುಂಬಬೇಡಿ; 13%ಕ್ಕೆ ಇಳಿಯಲು ಟಾರ್ಪಾಲಿನ ಮೇಲೆ ತೆಳ್ಳಗೆ ಹರಡಿ ಇನ್ನೂ ಒಂದೆರಡು ಬಿಸಿಲು ಬೇಕು. ನೆರಳಲ್ಲಿ ಕಾಳಿನ ಬಿಸಿ ಪೂರ್ತಿ ಆರಿದ ಮೇಲೆ, ಒಳಗೆ ಪ್ಲಾಸ್ಟಿಕ್ ಪದರಗಳಿರುವ ಗಾಳಿಯಾಡದ ಚೀಲಕ್ಕೆ ಹಾಕಿ. ಆ ಪದರಗಳ ಗಾಳಿ ಒತ್ತಿ ತೆಗೆದು, ಒಂದೊಂದನ್ನೂ ಬೇರೆಬೇರೆಯಾಗಿ ತಿರುಚಿ ಕಟ್ಟಿ. ನಡುವೆ ಬಿಚ್ಚಿ ನೋಡುವ ಚಪಲ ಬೇಡ, ಒಳಗಿನ ಆಮ್ಲಜನಕ ತೀರಿದರೆ ಮಾತ್ರ ಹುಳ ಸಾಯುವುದು.