ದಡದಿಂದ 500 ಅಡಿ: ವೇಕ್‌ಬೋಟ್ ನಿಯಮವನ್ನು ನಾನು ಪಾಲಿಸಿದ ಬಗೆ

ಅಮೆರಿಕದ ವರ್ಮಾಂಟ್ ರಾಜ್ಯದ ಬೊಮೊಸೀನ್ ಸರೋವರದಲ್ಲಿ ಹಲವು ಬೇಸಿಗೆಗಳಿಂದ ವೇಕ್‌ಬೋಟ್ (ಹಿಂದೆ ದೊಡ್ಡ ಅಲೆ ಎಬ್ಬಿಸಲೆಂದೇ ಕಟ್ಟಿದ ಮೋಟಾರು ದೋಣಿ) ನಡೆಸುತ್ತಿದ್ದ ನಾನು, 2024ರ ಏಪ್ರಿಲ್ 15ರಂದು ಹೊಸ ನಿಯಮ ಜಾರಿಗೆ ಬರುವವರೆಗೆ 200 ಅಡಿಯ ಲೆಕ್ಕವೊಂದನ್ನೇ ಇಟ್ಟುಕೊಂಡಿದ್ದೆ. ದಡದಿಂದಲೂ ಈಜುವವರಿಂದಲೂ ಅಷ್ಟು ದೂರದೊಳಗೆ ಯಾವ ದೋಣಿಯೇ ಆಗಲಿ ಗಂಟೆಗೆ 5 ಮೈಲಿ ಮೀರಬಾರದು, ಅಲೆ ಎಬ್ಬಿಸಬಾರದು. ಹೊಸ ನಿಯಮವಾದರೋ, ವೇಕ್‌ಸರ್ಫಿಂಗ್, ಅಂದರೆ ದೋಣಿ ಎಬ್ಬಿಸಿದ ಅಲೆಯ ಮೇಲೆ ಹಲಗೆಯಲ್ಲಿ ಜಾರುವ ಆಟ, ನಡೆಯುವ ಜಾಗ ದಡದಿಂದ 500 ಅಡಿ ಆಚೆಗಿರಬೇಕು, 20 ಅಡಿ ಆಳವಿರಬೇಕು, ಒಂದೇ ಹರವಿನಲ್ಲಿ 50 ಎಕರೆ ಇರಬೇಕು ಎನ್ನುತ್ತದೆ.

ನೀರಿನ ಮೇಲೆ 500 ಅಡಿಯನ್ನು ಕಣ್ಣಳತೆಯಲ್ಲಿ ಹೇಳಲಾಗದು. ಹಾಗಾಗಿ ಸರೋವರದ ಆಳದ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿ, ದಡದ ಉದ್ದಕ್ಕೂ ಕೈವಾರದಿಂದ ಕಮಾನುಗಳನ್ನು ಎಳೆದೆ. 20 ಅಡಿಗಿಂತ ಕಡಿಮೆ ಆಳದ ಭಾಗಕ್ಕೆ ಕೆಂಪು ಪೆನ್ಸಿಲಿನ ಬಣ್ಣ ತುಂಬಿದೆ. ಬಿಳಿಯಾಗಿ ಉಳಿದ ಜಾಗದ ಅಂಚನ್ನು ಬಿಂದುಬಿಂದುವಾಗಿ ಜಿಪಿಎಸ್‌ಗೆ ಸೇರಿಸಿ, ಮರುದಿನ ನಿಧಾನವಾಗಿ ದೋಣಿ ನಡೆಸುತ್ತಾ ಆಳಮಾಪಕದಿಂದ ಪರೀಕ್ಷಿಸಿದೆ. ದಡದಿಂದ ಸಾಕಷ್ಟು ದೂರವಿದ್ದರೂ ಒಂದೆಡೆ ಆಳ 14 ಅಡಿಯಷ್ಟೇ ಇತ್ತು; ಆ ಭಾಗವನ್ನೂ ಕೈಬಿಟ್ಟೆ.

ಈ ಅಂತರ ಅತಿಯಾಯಿತೆಂದು ಮೊದಲು ನನಗೂ ಅನ್ನಿಸಿತ್ತು. ಹಿಂದಿನ ಬೇಸಿಗೆಯ ಒಂದು ಸಂಜೆ ಸ್ನೇಹಿತನಿಗೆ ದೋಣಿ ಒಪ್ಪಿಸಿ ದಡದಲ್ಲಿ ನಿಂತು ನೋಡಿದ್ದು ನೆನಪಾಯಿತು. ದೋಣಿ ಮುಂದೆ ಸಾಗಿಹೋದ ಮೇಲೆ ಬಂದ ಅಲೆಗಳಿಗೆ ಪಕ್ಕದ ಮನೆಯವರು ಕಟ್ಟಿಹಾಕಿದ್ದ ಪುಟ್ಟ ದೋಣಿ ಕಂಬಕ್ಕೆ ಬಡಿದಿತ್ತು, ಬೇರುಗಳ ನಡುವಿನ ನೀರು ಕೆಸರಾಗಿತ್ತು. ಸರ್ಫಿಂಗ್ ದೋಣಿಯ ಅಲೆ ತಗ್ಗಿ, ಸಾಮಾನ್ಯ ದೋಣಿಯ ಅಲೆ 200 ಅಡಿಯಲ್ಲಿರುವ ಮಟ್ಟಕ್ಕೆ ಇಳಿಯಲು 500 ಅಡಿಗೂ ಹೆಚ್ಚು ದೂರ ಬೇಕೆಂದು ಮಿನೆಸೋಟ ವಿಶ್ವವಿದ್ಯಾಲಯದವರು 2022ರಲ್ಲಿ ಅಳೆದು ತೋರಿಸಿದ್ದಾರೆ. ಆಳದ ಷರತ್ತಿಗೂ ಕಾರಣವಿದೆ: ಅಲೆ ದೊಡ್ಡದಾಗಲೆಂದು ನೀರು ತುಂಬಿದ ಬ್ಯಾಲಸ್ಟ್ ಟ್ಯಾಂಕಿನ ಭಾರಕ್ಕೆ ದೋಣಿಯ ಹಿಂಭಾಗ ತಗ್ಗಿ, ಪ್ರೊಪೆಲರ್‌ನ ರಭಸ ಕೆಳಮುಖವಾಗಿ ತಳದ ಹೂಳನ್ನು ಕಲಕುತ್ತದೆ.

ಆ ಟ್ಯಾಂಕಿನಿಂದಲೇ ಇನ್ನೊಂದು ನಿಯಮವೂ ಹುಟ್ಟಿದೆ. ಪಂಪ್ ಮಾಡಿ ಬರಿದು ಮಾಡಿದರೂ ತಳದಲ್ಲಿ ಉಳಿಯುವ ನೀರಿನಲ್ಲಿ ಸರೋವರಗಳನ್ನು ಆಕ್ರಮಿಸಿ ಹಬ್ಬುವ ಝೀಬ್ರಾ ಮಸೆಲ್ ಎಂಬ ಚಿಪ್ಪುಜೀವಿಯ ಮರಿಗಳು ಬೇರೆ ಸರೋವರಕ್ಕೆ ಸಾಗಬಲ್ಲವು. ಆದ್ದರಿಂದ ಪ್ರತಿ ವೇಕ್‌ಬೋಟಿಗೂ ವರ್ಷಕ್ಕೆ ಒಂದೇ ಸರೋವರವನ್ನು ಸ್ವಂತದ್ದೆಂದು ಗೊತ್ತುಮಾಡಿಕೊಳ್ಳಬೇಕು. ಇನ್ನೊಂದಕ್ಕೆ ಇಳಿಸುವ ಮುನ್ನ ಸರ್ಕಾರ ಒಪ್ಪಿದ ಕಡೆ ಶುಚಿಗೊಳಿಸಲೇಬೇಕು. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಮುಖ್ಯವಾದ ನಿಯಮ, ಏಕೆಂದರೆ ಅಲೆ ತಣಿಯುತ್ತದೆ, ನೀರಿಗೆ ಸೇರಿದ ಆ ಜೀವಿಯನ್ನು ಹೊರತೆಗೆಯಲಾಗದು.

ಹತ್ತಿರದ ಮೇನ್ ರಾಜ್ಯ ಅದೇ 2024ರಲ್ಲಿ 300 ಅಡಿ ದೂರ, 15 ಅಡಿ ಆಳ ಎಂದು ಗೊತ್ತುಮಾಡಿತು. ಅಲ್ಲಿಯ ಗೆಳೆಯನ ದೋಣಿಯಲ್ಲಿ ಸರ್ಫಿಂಗ್‌ಗೆ ಹೊರಡುವ ಮುನ್ನ ಆ ಸರೋವರದ ನಕ್ಷೆಯನ್ನೂ ತರಿಸಿಕೊಂಡು, ಮತ್ತೆ ಕೈವಾರ ಹಿಡಿದು ಕುಳಿತೆ.