ಗುಮಾಸ್ತರ ಚೀಟಿಯೇ ನನ್ನ ಟೆಸ್ಟ್

ಗಂಗಾವತಿಯ ಒಂದು ರೈಸ್ ಮಿಲ್‌ಗೆ ಭತ್ತ ಖರೀದಿಯ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ಪೈಥಾನ್ ಭಾಷೆಯ ಕೋಡ್, ಲೆಕ್ಕ ಇಡೋಕೆ ಎಸ್‌ಕ್ಯೂಲೈಟ್ ಅನ್ನೋ ಚಿಕ್ಕ ಡೇಟಾಬೇಸ್, ಒಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಟೆಸ್ಟ್, ಅಂದರೆ ನನ್ನ ಕೋಡ್ ಸರಿ ಉತ್ತರ ಕೊಡುತ್ತದೆಯೇ ಅಂತ ತಾನಾಗಿಯೇ ಪರೀಕ್ಷಿಸುವ ಪುಟ್ಟ ಕೋಡ್, ಅಂತ ಏನೂ ಇರಲಿಲ್ಲ. ಕೋಡ್ ಬದಲಾಯಿಸಿದ ಮೇಲೆ ಒಂದು ಬಿಲ್ ಹೊಡೆದು ನೋಡುತ್ತಿದ್ದೆ. ಸರಿ ಕಂಡರೆ ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಮಿಲ್‌ಗೆ ಹೋಗಿ ಕಾಪಿ ಮಾಡುತ್ತಿದ್ದೆ.

ಸುಗ್ಗಿ ಶುರುವಾಗಿ ಲಾರಿ ಸಾಲು ನಿಂತ ದಿನ ಗುಮಾಸ್ತರ ಫೋನ್ ಬಂತು. "ತಮ್ಮಾ, ನಿನ್ ಕಂಪ್ಯೂಟ್ರು ಒಂದ್ ಲಾರಿಗೆ ಮೂವತ್ ರೂಪಾಯಿ ಜಾಸ್ತಿ ಕೊಡಾಕತ್ತೈತಿ. ಸಾವಕಾರ್ರು ನನ್ನ ಹಿಡ್ಕೊಂಡಾರ."

ಹೋಗಿ ನೋಡಿದೆ. ತೂಕದ ಚೀಟಿಯ ಹಿಂದೆ ಅವರು ಪೆನ್ನಿನಲ್ಲಿ ಲೆಕ್ಕ ಮಾಡಿಟ್ಟಿದ್ದರು. ತುಂಬಿದ ಲಾರಿ 14,380 ಕೆ.ಜಿ., ಖಾಲಿ ಲಾರಿ 5,240. ಉಳಿದದ್ದು 9,140. ಆ ಮಿಲ್‌ನಲ್ಲಿ ರೇಟು 75 ಕೆ.ಜಿ. ಚೀಲದ ಲೆಕ್ಕ, ಅವತ್ತು 1,850 ರೂಪಾಯಿ. 121 ಚೀಲ, ಮೇಲೆ 65 ಕೆ.ಜಿ. ಒಟ್ಟು 2,25,453 ರೂಪಾಯಿ 33 ಪೈಸೆ. ನನ್ನ ಬಿಲ್ಲಿನಲ್ಲಿ 2,25,483 ರೂಪಾಯಿ 80 ಪೈಸೆ.

ಎಡವಟ್ಟು ಎಲ್ಲಿತ್ತು ಅಂದರೆ, ನಾನು ಮೊದಲು 1,850ನ್ನು 75ರಿಂದ ಭಾಗಿಸಿ, ಕೆ.ಜಿ.ಗೆ 24.67 ಅಂತ ರೌಂಡ್ ಮಾಡಿ, ಆಮೇಲೆ ತೂಕಕ್ಕೆ ಗುಣಿಸಿದ್ದೆ. ಪೈಸೆಯ ಮೂರನೇ ಒಂದು ಭಾಗ ಅಂತ ಸುಮ್ನೆ ಬಿಟ್ಟದ್ದು 9,140 ಸಲ ಸೇರಿಕೊಂಡಿತು. ಮೊದಲು ಗುಣಿಸಿ, ಆಮೇಲೆ ಭಾಗಿಸಿ, ರೌಂಡ್ ಮಾಡುವುದನ್ನು ಕೊನೆಗೆ ಇಟ್ಟುಕೊಳ್ಳಬೇಕಿತ್ತು. ಒಂದೇ ಸಾಲಿನ ತಿದ್ದುಪಡಿ. ಆದರೆ ಇಂಥವು ಇನ್ನೆಷ್ಟಿವೆಯೋ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನ ಪೈಟೆಸ್ಟ್ ಅನ್ನೋ, ಟೆಸ್ಟ್‌ಗಳನ್ನು ಓಡಿಸುವ ಸಲಕರಣೆ ಇನ್‌ಸ್ಟಾಲ್ ಮಾಡಿದೆ.

ಪೈಥಾನ್ ಜೊತೆಗೇ ಯೂನಿಟ್‌ಟೆಸ್ಟ್ ಅನ್ನೋ ಟೆಸ್ಟ್ ಬರೆಯುವ ಲೈಬ್ರರಿ (ಸಿದ್ಧ ಕೋಡಿನ ಕಟ್ಟು) ಬರುತ್ತದೆ. ಅದು ಜಾವಾ ಭಾಷೆಯ ಟೆಸ್ಟ್ ಸಲಕರಣೆಯಾದ ಜೆಯೂನಿಟ್ ಮನೆತನದ್ದು. ಆ ಜೆಯೂನಿಟ್‌ನ ಮೊದಲ ರೂಪವನ್ನು ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ಅನ್ನೋ ಇಬ್ಬರು ಪ್ರೋಗ್ರಾಮರ್‌ಗಳು 1997ರಲ್ಲಿ ವಿಮಾನದಲ್ಲಿ ಕೂತು ಬರೆದರಂತೆ. ನಾನು ಪೈಟೆಸ್ಟ್ ಹಿಡಿದದ್ದಕ್ಕೆ ಕಾರಣ ಸೋಮಾರಿತನ. ಯೂನಿಟ್‌ಟೆಸ್ಟ್‌ನ ಹಾಗೆ ಕ್ಲಾಸ್ ಅನ್ನೋ ಚೌಕಟ್ಟು ಕಟ್ಟಬೇಕಿಲ್ಲ. ಫಂಕ್ಷನ್ (ಒಂದು ಕೆಲಸ ಮಾಡುವ ಕೋಡಿನ ತುಂಡು) ಹೆಸರಿನ ಮುಂದೆ ಟೆಸ್ಟ್ ಅಂತ ಸೇರಿಸಿ, ಒಳಗೆ 'ಉತ್ತರ ಇಷ್ಟೇ ಇರಬೇಕು' ಅಂತ ಹೇಳುವ ಒಂದು ಅಸರ್ಟ್ ಸಾಲು ಬರೆದರೆ ಸಾಕು. ಪಾಸಾದರೆ ಒಂದು ಚುಕ್ಕೆ, ಫೇಲಾದರೆ ಎಫ್, ಜೊತೆಗೆ ಬರಬೇಕಾದದ್ದು ಯಾವುದು, ಬಂದದ್ದು ಯಾವುದು ಅಂತ ಎರಡೂ ತೋರಿಸುತ್ತದೆ.

ಆದರೆ ಟೆಸ್ಟ್ ಬರೆಯೋಕೆ ಕೂತರೆ ಹಿಡಿಯೋಕೆ ತುದಿಯೇ ಸಿಗಲಿಲ್ಲ. ಪ್ರಿಂಟ್ ಬಟನ್ನಿನ ಹಿಂದೆ ಒಂದೇ ಫಂಕ್ಷನ್ ಇತ್ತು. ಅದೇ ಸ್ಕ್ರೀನಿನಿಂದ ತೂಕ ಓದುತ್ತಿತ್ತು, ಲೆಕ್ಕ ಮಾಡುತ್ತಿತ್ತು, ಡೇಟಾಬೇಸಿಗೆ ಬರೆಯುತ್ತಿತ್ತು, ಪ್ರಿಂಟರಿಗೂ ಕಳಿಸುತ್ತಿತ್ತು. ಮದುವೆ ಮನೆಯಲ್ಲಿ ಒಬ್ಬನೇ ಅಡುಗೆ ಮಾಡಿ, ಬಡಿಸಿ, ಎಲೆಯನ್ನೂ ಎತ್ತಿದ ಹಾಗೆ. ಮೂರು ದಿನ ಅದನ್ನು ಬಿಡಿಸುವುದರಲ್ಲೇ ಹೋಯಿತು. ಲೆಕ್ಕವನ್ನು ಬೇರೆ ಫೈಲಿಗೆ ತಂದೆ: ತೂಕ ಮತ್ತು ರೇಟು ಒಳಗೆ ಹೋಗಬೇಕು, ಮೊತ್ತ ಹೊರಗೆ ಬರಬೇಕು, ಬೇರೇನನ್ನೂ ಮುಟ್ಟಬಾರದು. ಟೆಸ್ಟ್‌ನಿಂದ ನನಗಾದ ದೊಡ್ಡ ಲಾಭ ಇದೇ ಅನ್ನಿಸುತ್ತದೆ. ಡೇಟಾಬೇಸ್ ಬೇಕಾದ ಕಡೆ ಎಸ್‌ಕ್ಯೂಲೈಟನ್ನು ಮೆಮೊರಿಯಲ್ಲೇ ತೆರೆದೆ. ಟೆಸ್ಟ್ ಮುಗಿದರೆ ಅದೂ ಮಾಯ.

ಆಮೇಲೆ ಒಂದು ತಪ್ಪು ಮಾಡಿದೆ. ಬೇಗ ಮುಗಿಸೋಣ ಅಂತ ಪ್ರೋಗ್ರಾಂ ಓಡಿಸಿ, ಅದು ಕೊಟ್ಟ ಉತ್ತರವನ್ನೇ ಟೆಸ್ಟಿನಲ್ಲಿ ಸರಿಯುತ್ತರ ಅಂತ ಅಂಟಿಸಿದೆ. ಇಪ್ಪತ್ತು ಟೆಸ್ಟ್, ಇಪ್ಪತ್ತೂ ಚುಕ್ಕೆ. ಕವರೇಜ್ ಟೂಲ್ ಓಡಿಸಿದರೆ ಶೇಕಡಾ ತೊಂಬತ್ತರ ಮೇಲೆ! ಖುಷಿಯೋ ಖುಷಿ. ಆದರೆ ಕವರೇಜ್ ಹೇಳುವುದು ಯಾವ ಸಾಲು ಓಡಿತು ಅಂತ ಮಾತ್ರ. ಉತ್ತರ ಸರಿಯೋ ತಪ್ಪೋ ಅದಕ್ಕೇನು ಗೊತ್ತು? ಕಳ್ಳನ ಹತ್ತಿರವೇ ಸಾಕ್ಷಿ ಕೇಳಿದ್ದೆ.

ಅವನ್ನೆಲ್ಲ ಅಳಿಸಿ ಮಿಲ್‌ಗೆ ಹೋದೆ. "ಕಾಕಾ, ನಿಮ್ಮ ಕೈಲೆಕ್ಕದ ಚೀಟಿ ಬೇಕು" ಅಂತ ಗುಮಾಸ್ತರನ್ನು ಕೇಳಿದೆ. ಅವರು ಮೊಳೆಗೆ ಚುಚ್ಚಿಟ್ಟಿದ್ದ ಕಟ್ಟನ್ನೇ ತೆಗೆದು ಕೊಟ್ಟರು. ಪೈಟೆಸ್ಟ್‌ನಲ್ಲಿ ಪ್ಯಾರಾಮೆಟ್ರೈಸ್ ಅಂತ ಇದೆ, ಒಂದೇ ಟೆಸ್ಟನ್ನು ಬೇರೆ ಬೇರೆ ಅಂಕಿಗಳಿಗೆ ಓಡಿಸುತ್ತದೆ. ಒಂದು ಚೀಟಿಗೆ ಒಂದು ಸಾಲು: ತುಂಬಿದ ತೂಕ, ಖಾಲಿ ತೂಕ, ರೇಟು, ಕಾಕಾ ಹಾಕಿದ ಮೊತ್ತ. ಓಡಿಸಿದ ಕೂಡಲೇ ಎರಡು ಎಫ್ ಬಂದವು.

ಎರಡೂ ಐವತ್ತು ಪೈಸೆಯ ಜಗಳ. ಪೈಸೆವರೆಗೆ ಲೆಕ್ಕ ಹಾಕಿದ ಮೇಲೆ ಕೊನೆಗೆ ಬಿಲ್ಲನ್ನು ಪೂರ್ತಿ ರೂಪಾಯಿಗೆ ತರುತ್ತೇವೆ, ಅಲ್ವಾ? ಕಾಕಾ ಐವತ್ತು ಪೈಸೆ ಬಂದರೆ ಯಾವಾಗಲೂ ಮೇಲಕ್ಕೆ ಹಾಕುತ್ತಾರೆ. ಪೈಥಾನ್‌ನ ರೌಂಡ್ ಹಾಗಲ್ಲ, ಸರಿಯಾಗಿ ಅರ್ಧ ಬಂದರೆ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. 227.5 ಕೊಟ್ಟರೆ 228, 226.5 ಕೊಟ್ಟರೆ 226. ಒಂದು ಬಿಲ್ ಸರಿ, ಇನ್ನೊಂದು ತಪ್ಪು! ಕೈಯಿಂದ ನೋಡುತ್ತಾ ಹೋಗಿದ್ದರೆ ಇದು ನನಗೆ ಯಾವತ್ತೂ ಸಿಗುತ್ತಿರಲಿಲ್ಲ. ಹಣವನ್ನೆಲ್ಲ ಡೆಸಿಮಲ್‌ಗೆ, ಅಂದರೆ ಪೈಥಾನ್‌ನಲ್ಲಿ ದಶಮಾಂಶವನ್ನು ಬರೆದ ಹಾಗೇ ಇಟ್ಟುಕೊಳ್ಳುವ ಅಂಕಿಗೆ, ಬದಲಾಯಿಸಿದೆ, ಅರ್ಧ ಬಂದರೆ ಮೇಲಕ್ಕೆ ಅಂತ ಹೇಳಿಟ್ಟೆ. ಡೆಸಿಮಲ್‌ಗೆ ಅಂಕಿಯನ್ನು ಸ್ಟ್ರಿಂಗ್ (ಉದ್ಧರಣ ಚಿಹ್ನೆಯೊಳಗಿನ ಅಕ್ಷರ) ಆಗಿಯೇ ಕೊಡಿ. ಫ್ಲೋಟ್ (ಕಂಪ್ಯೂಟರಿನ ಮಾಮೂಲಿ ದಶಮಾಂಶ ಅಂಕಿ) 0.1ನ್ನು ಸರಿಸುಮಾರಾಗಿ ಮಾತ್ರ ಇಟ್ಟುಕೊಳ್ಳುತ್ತದೆ, ಅದನ್ನು ಕೊಟ್ಟರೆ 0.1ರ ಹಿಂದೆ ಇರುವ ಉದ್ದನೆಯ ಬಾಲವೂ ಬರುತ್ತದೆ.

ಅಕ್ಕಿ ಮಾರಾಟದ ಕಡೆ ಇನ್ನೊಂದು. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ, ಚೀಲ 25 ಕೆ.ಜಿ.ವರೆಗೆ ಇದ್ದರೆ ಶೇ. 5 ಜಿಎಸ್‌ಟಿ. ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ಮಾರುಕಟ್ಟೆಯಲ್ಲಿ 26 ಕೆ.ಜಿ. ಚೀಲ ಯಾಕೆ ಬಂತು ಅಂತ ಈಗ ತಿಳೀತಲ್ಲ. ನಾನು ಕೋಡಿನಲ್ಲಿ '25ಕ್ಕಿಂತ ಕಡಿಮೆ' ಅಂತ ಬರೆದಿದ್ದೆ. ಅಂದರೆ ಸರಿಯಾಗಿ 25 ಇದ್ದ ಚೀಲಕ್ಕೆ ತೆರಿಗೆಯೇ ಬೀಳುತ್ತಿರಲಿಲ್ಲ. 10 ಮತ್ತು 50ಕ್ಕೆ ಟೆಸ್ಟ್ ಬರೆದಿದ್ದರೆ ಎರಡೂ ಪಾಸಾಗುತ್ತಿದ್ದವು. 25 ಮತ್ತು 26 ಇಟ್ಟಿದ್ದಕ್ಕೆ ಸಿಕ್ಕಿಬಿತ್ತು. ಅವತ್ತಿನಿಂದ ಗಡಿಯ ಅಂಕಿ ಬಿಟ್ಟು ಟೆಸ್ಟ್ ಬರೆದಿಲ್ಲ.

ಬಿಲ್ ನಂಬರ್ ಏಪ್ರಿಲ್ 1ಕ್ಕೆ ಮತ್ತೆ ಒಂದರಿಂದ ಶುರುವಾಗಬೇಕು. ಅದನ್ನು ಟೆಸ್ಟ್ ಮಾಡೋಕೆ ಏಪ್ರಿಲ್‌ವರೆಗೆ ಕಾಯೋಕಾಗುತ್ತಾ? ಫಂಕ್ಷನ್ ತಾನೇ ಇವತ್ತಿನ ತಾರೀಖು ನೋಡುವುದನ್ನು ತೆಗೆದು, ತಾರೀಖನ್ನು ಹೊರಗಿನಿಂದ ಕೊಟ್ಟೆ. ಮಾರ್ಚ್ 31, ಏಪ್ರಿಲ್ 1, ಎರಡು ಸಾಲು, ಮುಗೀತು.

ಈಗ ಗಿಟ್ ಪುಶ್ ಮಾಡುವ (ಕೋಡಿನ ಬದಲಾವಣೆಯ ದಾಖಲೆ ಇಡುವ ಗಿಟ್‌ನಿಂದ ಹೊಸ ಕೋಡನ್ನು ಮೇಲಕ್ಕೆ ಕಳಿಸುವ) ಮೊದಲು ಟೆಸ್ಟ್ ತಾನಾಗಿಯೇ ಓಡುವಂತೆ ಹುಕ್ ಅನ್ನೋ ಪುಟ್ಟ ಸ್ಕ್ರಿಪ್ಟ್ ಹಾಕಿದ್ದೇನೆ. ಒಂದು ಎಫ್ ಇದ್ದರೂ ಪುಶ್ ಆಗಲ್ಲ. ಲೆಕ್ಕದ ಟೆಸ್ಟ್‌ಗಳೆಲ್ಲ ಸೇರಿ ಎರಡು ಸೆಕೆಂಡಿನಲ್ಲಿ ಮುಗಿಯುತ್ತವೆ. ನಿಮಿಷಗಟ್ಟಲೆ ಹಿಡಿದಿದ್ದರೆ ನಾನೇ ಆ ಹುಕ್ ಕಿತ್ತುಹಾಕುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ತಕರಾರು ಬಂದರೆ ಕಾಕಾ ಈಗ ಫೋನಿನಲ್ಲಿ ಜಗಳ ಆಡುವುದಿಲ್ಲ, ಚೀಟಿಯ ಫೋಟೋ ವಾಟ್ಸಾಪ್ ಮಾಡುತ್ತಾರೆ. ಮೊದಲು ಅದು ಟೆಸ್ಟಿನ ಸಾಲಾಗುತ್ತದೆ, ಎಫ್ ಬಂದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಕೋಡ್ ಮುಟ್ಟುತ್ತೇನೆ.

ಪ್ರಿಂಟರಿಗೂ ತೂಕದ ಮಷೀನಿನಿಂದ ಬರುವ ಕೇಬಲ್ಲಿಗೂ ಮಾತ್ರ ಟೆಸ್ಟ್ ಇಲ್ಲ. ಹೋದ ವಾರ ಆ ಕೇಬಲ್ಲನ್ನು ಇಲಿ ಕಡಿದಿತ್ತು. ಬೈಕ್ ಹತ್ತಿಕೊಂಡು ನಾನೇ ಹೋಗಿ ಹಾಕಿಬಂದೆ.