ಕಾರಿನ ಡಿಎಲ್‌ಗೆ ಹೆವಿ ಸೇರಿಸಿಕೊಂಡ ಬಗೆ: ನನ್ನ ಅನುಭವ

ಲಘು ಮೋಟಾರು ವಾಹನದ ಪರವಾನಗಿ ಇದ್ದವರು ಒಟ್ಟು ತೂಕ 7,500 ಕೆ.ಜಿ. ಮೀರದ ಸರಕು ವಾಹನವನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು 2024ರ ನವೆಂಬರಿನಲ್ಲಿ ಸ್ಪಷ್ಟಪಡಿಸಿದೆ. ಮಂಡ್ಯದ ಕಡೆಯಿಂದ ಬೆಲ್ಲ ಮತ್ತು ಭತ್ತ ಸಾಗಿಸುವ ನಮ್ಮ ಮನೆಯ ಆರು ಚಕ್ರದ ಲಾರಿ ಆ ಮಿತಿಯನ್ನು ಬಹಳ ದೂರ ದಾಟುವುದರಿಂದ, ಇದ್ದ ಡಿಎಲ್‌ಗೆ ಭಾರಿ ಸಾರಿಗೆ ವಾಹನದ ವರ್ಗವನ್ನು ಸೇರಿಸಿಕೊಳ್ಳದೆ ಅದರ ಸ್ಟೇರಿಂಗ್ ಹಿಡಿಯುವಂತಿರಲಿಲ್ಲ.

ಕಾಗದಪತ್ರದ ಕೆಲಸ ಜನ ಹೆದರಿಸುವಷ್ಟು ದೊಡ್ಡದಲ್ಲ. ಇಪ್ಪತ್ತು ವರ್ಷ ತುಂಬಿರಬೇಕು, ಲಘು ವಾಹನದ ಪರವಾನಗಿ ಪಡೆದು ಕನಿಷ್ಠ ಒಂದು ವರ್ಷವಾಗಿರಬೇಕು. ಸರ್ಕಾರದ ಪರವಾನಗಿ ಜಾಲತಾಣವಾದ ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ತುಂಬಿ, ವೈದ್ಯರಿಂದ ನಮೂನೆ 1ಎ ವೈದ್ಯಕೀಯ ಪ್ರಮಾಣಪತ್ರ ಮಾಡಿಸಿಕೊಂಡು ಎಲ್‌ಎಲ್‌ಆರ್ (ಕಲಿಕಾ ಪರವಾನಗಿ) ಪಡೆದೆ. ಆರು ತಿಂಗಳು ಊರ್ಜಿತವಿರುವ ಅದನ್ನು ಪಡೆದ ಮೂವತ್ತು ದಿನಗಳ ನಂತರವೇ ಪರೀಕ್ಷೆಗೆ ಹೋಗಬಹುದು. ಸಾರಿಗೆ ವಾಹನಕ್ಕೆ ಮಾನ್ಯತೆ ಪಡೆದ ಡ್ರೈವಿಂಗ್ ಸ್ಕೂಲಿನ ನಮೂನೆ 5ರ ಪ್ರಮಾಣಪತ್ರವೂ ಬೇಕು. ಹೊಸ ವರ್ಗ ಸೇರಿಸುವುದಕ್ಕೆ ಕೇಂದ್ರ ನಿಯಮದ ಶುಲ್ಕ 500 ರೂಪಾಯಿ, ಪರೀಕ್ಷೆಯದು ಬೇರೆ.

ನಿಜವಾದ ಕಷ್ಟ ಎದುರಾದದ್ದು ಕಾರಿನ ಅಭ್ಯಾಸದಿಂದ. ಕಾರಿನಲ್ಲಿ ಚಾಲಕ ಮುಂದಿನ ಚಕ್ರಗಳ ಹಿಂದೆ ಕೂರುತ್ತಾನೆ. ಲಾರಿಯಲ್ಲಿ ಹೆಚ್ಚುಕಡಿಮೆ ಅವುಗಳ ಮೇಲೆಯೇ ಕೂರುತ್ತಾನೆ, ಹಿಂದಿನ ಚಕ್ರಗಳು ಎಲ್ಲೋ ದೂರದಲ್ಲಿರುತ್ತವೆ. ಎಡಕ್ಕೆ ತಿರುಗುವಾಗ ಅವು ಮುಂದಿನ ಚಕ್ರಗಳ ಜಾಡಿನಲ್ಲಿ ಬರದೆ ಒಳಕ್ಕೆ ಎಳೆದುಕೊಂಡು ಚರಂಡಿಯ ಅಂಚಿಗೋ, ಪಕ್ಕಕ್ಕೆ ನುಗ್ಗಿದ ಬೈಕಿನವನ ಕಡೆಗೋ ಬರುತ್ತವೆ; ಅದೇ ಹೊತ್ತಿಗೆ ಲಾರಿಯ ಬಾಲ ಬಲಕ್ಕೆ ಬೀಸುತ್ತದೆ. ಆದ್ದರಿಂದ ಮೂತಿ ತಿರುವನ್ನು ದಾಟಿ ಮುಂದೆ ಹೋಗುವವರೆಗೆ ಕಾದು ಆಮೇಲೆ ಕಟ್ ಹೊಡೆಯಬೇಕು. ನನ್ನನ್ನು ಚಿಕ್ಕವನಿಂದ ಬಲ್ಲ ನಮ್ಮ ಹಿರಿಯ ಡ್ರೈವರ್ ಪಕ್ಕದಲ್ಲಿ ಕೂತು ಪ್ರತಿ ತಿರುವಿನಲ್ಲೂ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಮುಂದೆ ನೋಡಿದ್ದು ಸಾಕು ಕಣಪ್ಪ, ಹಿಂದಿನ ಟೈರು ಈಗ ಎಲ್ಲಿದೆ ಹೇಳು." ಡ್ರೈವಿಂಗ್ ಸ್ಕೂಲಿನ ಪಾಠಕ್ಕಿಂತ ನನಗೆ ಈ ಪ್ರಶ್ನೆಯಿಂದ ಆದ ಪ್ರಯೋಜನವೇ ಹೆಚ್ಚು.

ರಿವರ್ಸ್ ಕಲಿಯಲು ಖಾಲಿ ಕಣದಲ್ಲಿ ಗಳ ನೆಟ್ಟು, ಲಾರಿಯ ಅಗಲಕ್ಕಿಂತ ತುಸುವೇ ಹೆಚ್ಚಿನ ಓಣಿಯೊಂದನ್ನು ಮಾಡಿಕೊಂಡಿದ್ದೆವು. ಕನ್ನಡಿಯಲ್ಲಿ ಯಾವ ಕಡೆಯ ಸಂದು ಕಿರಿದಾಗುತ್ತಿದೆಯೋ ಅದಕ್ಕೆ ವಿರುದ್ಧ ದಿಕ್ಕಿಗೆ ಸ್ಟೇರಿಂಗನ್ನು ಸ್ವಲ್ಪವೇ ತಿರುಗಿಸಿ, ಬಾಲ ಸರಿಯತೊಡಗಿದ ಕೂಡಲೇ ಮರಳಿ ನೇರ ಮಾಡಬೇಕು. ಬಾಲ ಪೂರ್ತಿ ಸರಿಯಾಗಲೆಂದು ಕಾದರೆ ಅದು ಆಚೆ ಕಡೆಗೆ ಹೋಗಿರುತ್ತದೆ. ವೇಗವೆಲ್ಲ ಕ್ಲಚ್ಚಿನಲ್ಲೇ, ಆಕ್ಸಿಲರೇಟರ್ ಮುಟ್ಟುವಂತಿಲ್ಲ. ಬಲಕ್ಕೆ ಹಿಂತಿರುಗಿಸುವುದು ಬೇಗ ಒಲಿಯಿತು, ಏಕೆಂದರೆ ಬಾಲ ಚಾಲಕನ ಕಡೆಯ ಕನ್ನಡಿಯಲ್ಲೇ ಕಾಣುತ್ತಿರುತ್ತದೆ. ಎಡಕ್ಕೆ ಬಹಳ ಹೊತ್ತು ಕುರುಡು ಜಾಗವೇ ಇರುವುದರಿಂದ, ಅನುಮಾನ ಬಂದಾಗಲೆಲ್ಲ ನಿಲ್ಲಿಸಿ ಇಳಿದು ನೋಡುವುದನ್ನೇ ರೂಢಿ ಮಾಡಿಕೊಂಡೆ. ಕ್ಲೀನರ್ ನಿಂತು ಕೈ ತೋರಿಸಿದರೂ, ಅವನು ಕನ್ನಡಿಯಲ್ಲಿ ಕಾಣದ ಕ್ಷಣವೇ ಲಾರಿ ನಿಲ್ಲಬೇಕು.

ಬ್ರೇಕಿನ ಲೆಕ್ಕವೇ ಬೇರೆ. ಏರ್ ಬ್ರೇಕಿನಲ್ಲಿ ಪೆಡಲನ್ನು ಪದೇ ಪದೇ ಒತ್ತಿದರೆ ಪ್ರತಿ ಸಲವೂ ಗಾಳಿ ಖರ್ಚಾಗುತ್ತದೆ. ಬೆಳಿಗ್ಗೆ ಎಂಜಿನ್ ಚಾಲೂ ಮಾಡಿ, ಗಾಳಿ ತುಂಬಿ, ಒತ್ತಡ ಸಾಲದೆಂದು ಎಚ್ಚರಿಸುವ ಬಜರ್ ನಿಲ್ಲುವವರೆಗೆ ಲಾರಿಯನ್ನು ಕದಲಿಸಬಾರದು. ಆ ಸಮಯದಲ್ಲಿ ನಾನು ಸುತ್ತ ಬಂದು ಕಬ್ಬಿಣದ ರಾಡಿನಿಂದ ಪ್ರತಿ ಟೈರನ್ನೂ ತಟ್ಟುತ್ತಿದ್ದೆ, ಏಕೆಂದರೆ ಜೋಡಿ ಚಕ್ರದ ಒಳಗಿನ ಟೈರು ಗಾಳಿ ಕಳೆದುಕೊಂಡಿದ್ದರೆ ಹೊರಗಿನಿಂದ ಕಣ್ಣಿಗೆ ಕಾಣುವುದಿಲ್ಲ, ಸದ್ದು ಮಾತ್ರ ಮಂಕಾಗಿರುತ್ತದೆ. ಎರಡರ ನಡುವೆ ಕಲ್ಲು ಸಿಕ್ಕಿಕೊಂಡಿದ್ದರೆ ಅಲ್ಲೇ ಹೊಡೆದು ತೆಗೆಯಬೇಕು.

ಪರೀಕ್ಷೆಯ ದಿನ ಇನ್‌ಸ್ಪೆಕ್ಟರ್ ನೋಡಿದ್ದೂ ಬಹುಮಟ್ಟಿಗೆ ಇದನ್ನೇ. ಹೊರಡುವ ಮುನ್ನ ಕನ್ನಡಿ ಸರಿಪಡಿಸಿಕೊಂಡದ್ದು, ಸಿಗ್ನಲ್ ಕೊಟ್ಟದ್ದು, ಏರಿನಲ್ಲಿ ಹಿಂದಕ್ಕೆ ಜಾರದಂತೆ ಎತ್ತಿದ್ದು, ಕಿರಿದಾದ ಜಾಗಕ್ಕೆ ರಿವರ್ಸ್ ಹೊಡೆದದ್ದು, ಹಠಾತ್ತನೆ ಹೇಳಿದಾಗ ಹಿಡಿತ ತಪ್ಪದೆ ನಿಲ್ಲಿಸಿದ್ದು, ಇವಿಷ್ಟೇ. ರಿವರ್ಸ್ ಮಾಡುವಾಗ ಮಧ್ಯದಲ್ಲಿ ನಿಂತು ಸರಿಪಡಿಸಿಕೊಂಡದ್ದಕ್ಕೆ ಅವರು ಆಕ್ಷೇಪಿಸಲಿಲ್ಲ. ತೇರ್ಗಡೆಯಾಗದವರಿಗೆ ಏಳು ದಿನಗಳ ನಂತರ ಮತ್ತೆ ಅವಕಾಶವಿರುವುದರಿಂದ ಗಾಬರಿಗೆ ಕಾರಣವೂ ಇಲ್ಲ.

ಆದರೆ ಪರೀಕ್ಷೆ ನಡೆಯುವುದು ಖಾಲಿ ಲಾರಿಯಲ್ಲಿ. ಲೋಡ್ ತುಂಬಿದ ಲಾರಿ ನಿಲ್ಲುವ ದೂರ, ತಿರುವಿನಲ್ಲಿ ವಾಲುವ ರೀತಿ, ಗೇರು ಕೇಳುವ ಹೊತ್ತು ಎಲ್ಲವೂ ಬೇರೆ. ಹೀಗಾಗಿ ಡಿಎಲ್ ಕೈಗೆ ಬಂದ ಮೇಲೂ ಒಂದು ಸುಗ್ಗಿ ಮುಗಿಯುವವರೆಗೆ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಓಡಿಸಿದೆ. ಶಿರಾಡಿ ಘಾಟಿಯನ್ನು ಲೋಡಿನೊಂದಿಗೆ ಇಳಿಯುವಾಗ, ಇಳಿಜಾರು ಶುರುವಾಗುವ ಮೊದಲೇ ಕೆಳ ಗೇರಿಗೆ ಬಂದು, ಎಂಜಿನ್ನಿನ ಹೊಗೆಯನ್ನು ತಡೆದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕಿನ ಆಸರೆಯಲ್ಲಿ, ಪೆಡಲನ್ನು ಆದಷ್ಟು ಕಡಿಮೆ ಮುಟ್ಟಿ ಇಳಿಯುವುದನ್ನು ಕಲಿತದ್ದು ಆಗಲೇ.